ಪಾದರಸ ಮೇಡಂ

ಬೀಳ್ಕೊಡುಗೆ ಸಭೆಯಲ್ಲಿ ನಮ್ಮ ಪ್ರಾಂಶುಪಾಲರು ಮೈಕು ಹಿಡಿದು, "ಮೇಡಂ ಅವರದು ಪಾದರಸದಂಥ ವ್ಯಕ್ತಿತ್ವ" ಎಂದು ಹೊಗಳಿದರು. ಯಾರ ನಿವೃತ್ತಿಗಾದರೂ ಹೊಂದುವ ಮಾತು ಅದು, ಅವರು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ಮೇಡಂ ತಲೆ ಎತ್ತಿ ಮುಂದಿನ ಸಾಲಿನಲ್ಲಿದ್ದ ನನ್ನನ್ನು ಹುಡುಕಿದರು. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ. ಇಡೀ ಸಭೆಯಲ್ಲಿ ಆ ಮಾತಿಗೆ ನಕ್ಕವರು ನಾವಿಬ್ಬರೇ. ನಗು ನಿಲ್ಲುವಷ್ಟರಲ್ಲಿ ನನ್ನ ಕಣ್ಣಂತೂ ತುಂಬಿತ್ತು.

ಅವರಷ್ಟು ನಿಧಾನದ ಹೆಂಗಸನ್ನು ನಾನು ಬಳ್ಳಾರಿಯಲ್ಲಿ ಕಂಡಿಲ್ಲ. ಗಂಟೆ ಹೊಡೆದ ಮೇಲೆ ಕನ್ನಡಕ ಒರೆಸಿ, ಚಾಕ್‌ಪೀಸು ಆರಿಸಿ, ನೀರು ಕುಡಿದು, ಆಮೇಲೆ ಎದ್ದು ತರಗತಿಗೆ ಹೊರಡುವವರು. ನಾನು ಗದರಿದರೆ, "ಓಡಿದ್ರ ಬಿಸಿಲು ಕಡಿಮಿ ಆಗ್ತತೇನ್ರಿ ಮೇಡಂ?" ಎನ್ನುತ್ತಿದ್ದರು. ಅವರು ಪ್ರಾಣಿಶಾಸ್ತ್ರದವರು, ನಾನು ಕನ್ನಡದವಳು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ, ಫ್ಯಾನು ಒಂದೇ. ಸ್ನೇಹಕ್ಕೆ ಮೊದಲ ಕಾರಣ ಆ ಫ್ಯಾನು.

ಹಾಗಿದ್ದರೂ ಪಾದರಸ ಎಂಬುದು ಅವರ ಹೆಸರೇ ಆಗಿತ್ತು. ಇಟ್ಟವರು ಕಾಲೇಜಿನವರಲ್ಲ, ಕೌಲ್ ಬಜಾರಿನ ಮೀನಿನಂಗಡಿಯವರು. ನಿಜವಾದ ಹೆಸರನ್ನು ಇಲ್ಲಿ ಬರೆಯುವುದು ಅವರಿಗೆ ಸೇರುವುದಿಲ್ಲ, ಹಾಗಾಗಿ ನಾನೂ ಅಂಗಡಿಯವರ ಹೆಸರನ್ನೇ ಇಟ್ಟುಕೊಳ್ಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಭಾನುವಾರ ನಾನು ಚೀಲ ಹಿಡಿದು ಮಸ್ತಾನ್ ಸಾಬರ ಅಂಗಡಿಗೆ ಹೋಗಿದ್ದೆ. ನಾನು ಸಿರುಗುಪ್ಪದ ಹೊಳೆದಂಡೆಯ ಮನೆಯವಳು. ಮೀನಿಲ್ಲದ ಭಾನುವಾರ ನನಗೆ ಸೋಮವಾರವಿದ್ದಂತೆ. ಅಂಗಡಿಯಲ್ಲಿ ಜೀನ್ಸ್ ಹೊಲಿಯುವ ಹುಡುಗರು, ಬುರ್ಖಾ ತೊಟ್ಟವರು, ಆಟೋದವರು ಎಲ್ಲ ನುಗ್ಗಾಡುತ್ತಿದ್ದರು. ನಡುವೆ ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಇಸ್ತ್ರಿ ಮಾಡಿದ ಸೀರೆ ಉಟ್ಟು ನಮ್ಮ ಮೇಡಂ ನಿಂತಿದ್ದರು. ಮೂಗಿಗೆ ಕರ್ಚೀಫು. ಕುರುಗೋಡಿನ ಅಷ್ಟು ಮಡಿವಂತ ಶೈವ ಮನೆತನದ ಹೆಂಗಸು ಕದ್ದು ಮೀನು ತಿನ್ನುತ್ತಾಳೆ ಅಂದುಕೊಂಡು, ಅವರಿಗೆ ಮುಜುಗರ ಆಗಬಾರದೆಂದು ನಾನು ಪಕ್ಕದ ಮೊಟ್ಟೆ ಅಂಗಡಿಯ ಮರೆಗೆ ಸರಿದೆ.

ಅವರು ಐಸಿನ ಮೇಲೆ ಮಲಗಿಸಿದ್ದ ದೊಡ್ಡ ಮೀನಿನ ಪಕ್ಕದಲ್ಲಿ ತಮ್ಮ ಕೈ ಚಾಚಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆಯುತ್ತಿದ್ದರು.

"ಇದು ಎಲ್ಲೀದು, ಮಸ್ತಾನ್ ಸಾಬ್ರೆ?"

"ಆಂಧ್ರದ ಸಮುದ್ರದ್ದು ಮೇಡಂ. ಇವತ್ತರ ತಗೊಂಡ್ಹೋಗ್ತೀರೇನು?"

"ನಾನು ತಿನ್ನಂಗಿಲ್ಲಪ್ಪ. ಯಾರಿಗೆ ಕೊಡ್ತೀ ಅಂತ ಕೇಳಾಕ ಬಂದೀನಿ."

ಆಮೇಲೆ ತಿಳಿಯಿತು. ಅವರು ಪಿಎಚ್‌ಡಿಗೆಂದು ಕರಾವಳಿಗೆ ಹೋಗಿ, ಬಂದರಿನಲ್ಲಿ ದೋಣಿ ಬರುವುದನ್ನು ಕಾದು, ಮೀನಿನ ಮಾಂಸದಲ್ಲಿ ಪಾದರಸ, ಸೀಸ, ಕ್ಯಾಡ್ಮಿಯಂ ಎಷ್ಟು ಸೇರಿದೆ ಎಂದು ನೋಡಿದವರು. ಜನ್ಮದಲ್ಲಿ ಒಂದು ಮೀನನ್ನೂ ಬಾಯಿಗಿಡದವರು ಸಾವಿರಾರು ಮೀನಿನ ಹೊಟ್ಟೆ ಬಗೆದಿದ್ದರು. ರಜೆಗೆ ಊರಿಗೆ ಬಂದರೆ ಅವರ ತಾಯಿ ತಲೆಬಾಗಿಲಲ್ಲೇ ತಡೆದು, ಹಿತ್ತಿಲಿಗೆ ಸುತ್ತುಬಳಸಿ ಕಳಿಸಿ, ತಲೆ ಮೇಲೆ ನೀರು ಬಿದ್ದ ಮೇಲೆಯೇ ಒಳಗೆ ಕರೆಯುತ್ತಿದ್ದರಂತೆ. "ನಾನು ಮೀನು ತಿನ್ಲಿಲ್ಲರಿ, ಮೀನ ನನ್ನ ಅರ್ಧ ಆಯುಷ್ಯ ತಿಂತು" ಎಂದು ನಗುತ್ತಿದ್ದರು.

ಅವರ ಪಾಠ ಸರಳ. ಕಾರ್ಖಾನೆಯ ಹೊಗೆ, ಗಣಿಯ ಹುಡಿ, ಊರಿನ ಕೊಳಚೆ ಎಲ್ಲ ಕೊನೆಗೆ ನೀರಿಗೆ ಬರುತ್ತದೆ. ನೀರಿನಲ್ಲಿ ಪಾದರಸ ಇರುವುದು ಚೂರೇಚೂರು. ಅದನ್ನು ಹುಳ ತಿನ್ನುತ್ತದೆ, ಹುಳವನ್ನು ಸಣ್ಣ ಮೀನು, ಸಣ್ಣದನ್ನು ದೊಡ್ಡದು. ತಿಂದದ್ದು ಜೀರ್ಣವಾದರೂ ಪಾದರಸ ಮಾತ್ರ ಮೈಯಲ್ಲೇ ಉಳಿಯುತ್ತದೆ. "ಬಳ್ಳಾರಿ ಮಂದಿಗೆ ಇದನ್ನ ಬಿಡಿಸಿ ಹೇಳ್ಬೇಕೇನ್ರಿ? ಸಣ್ಣೋರೆಲ್ಲ ತಿಂದದ್ದು ಕಡೀಕ ದೊಡ್ಡೋರ ಹೊಟ್ಟ್ಯಾಗ ಜಮಾ ಆಗ್ತತಿ" ಎಂದು ಅವರು ಹೇಳಿದಾಗ ಹುಡುಗರು ಡೆಸ್ಕು ಬಡಿದು ನಕ್ಕಿದ್ದರಂತೆ. ಅವರಿಗೆ ಇದ್ದ ನಿಯಮವೂ ಒಂದೇ: ಬಸುರಿ, ಬಾಣಂತಿ, ಹಾಲುಗಲ್ಲದ ಮಕ್ಕಳಿಗೆ ಮೊಳಕ್ಕಿಂತ ಉದ್ದದ ಸಮುದ್ರದ ಮೀನು ಬೇಡ. ಬಂಗಡೆ ತಿನ್ನಿ, ಸಣ್ಣದು ಯಾವುದಾದರೂ ತಿನ್ನಿ, ಹೊಟ್ಟೆ ತುಂಬ ತಿನ್ನಿ. ಮೀನು ಬಿಡಿ ಅಂತ ಅವರು ಯಾರಿಗೂ ಹೇಳಲಿಲ್ಲ. ಈ ಮಾತಿನಿಂದಲೇ ನಾನು ಅವರನ್ನು ಸಹಿಸಿಕೊಂಡೆ. ಪುಳಿಚಾರು ಉಣ್ಣುವವರು ನಮ್ಮ ತಾಟಿಗೆ ಬುದ್ಧಿ ಹೇಳಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಸ್ತಾನ್ ಸಾಬರಿಗೆ ಉರಿಯುತ್ತಿದ್ದದ್ದು ಬೇರೆ. "ಪಾದರಸ ಮೇಡಂ ಬಂದು ಹ್ವಾದ್ರಂದ್ರ ನನ್ನ ಸೊರ ಐಸಿನಾಗ ಮಲಗತೈತಿ ಅಕ್ಕಾ" ಎಂದು ನನ್ನಲ್ಲಿ ದೂರುತ್ತಿದ್ದರು. ಸೊರ ಅಂದರೆ ಶಾರ್ಕು. ತೆಲುಗಿನಿಂದ ನಮ್ಮ ಕಡೆಗೆ ಬಂದ ಹೆಸರು. ದೂರಿದರೂ ಮೇಡಂ ಬಂದಾಗ ಸ್ಟೂಲು ಒರೆಸಿ ಹಾಕುತ್ತಿದ್ದರು. ವ್ಯಾಪಾರ ಕೆಡಿಸುವವರಿಗೆ ಕುರ್ಚಿ ಹಾಕುವ ಊರು ನಮ್ಮದು.

ಕುರುಗೋಡಿಗೆ ನಾನು ಎಷ್ಟೋ ಸಲ ಅವರ ಜೊತೆ ಹೋಗಿದ್ದೇನೆ. ಅವರು ಮದುವೆಯಾಗಲಿಲ್ಲ. ವಾರವೆಲ್ಲ ಬಳ್ಳಾರಿಯ ಬಾಡಿಗೆ ಮನೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ತಾಯಿಯ ಹತ್ತಿರ, ಭಾನುವಾರ ಬೆಳಿಗ್ಗೆಯ ಬಸ್ಸಿಗೆ ವಾಪಸು. ತಮ್ಮನ ಸಂಸಾರವೂ ಅದೇ ಮನೆಯಲ್ಲಿತ್ತು. ಆ ತಾಯಿಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಬಿಳಿಯ ರೊಟ್ಟಿಯಂಥ ಮುಖ, ಬಾಯಿ ಮಾತ್ರ ಗುಂಟೂರು ಮೆಣಸಿನಕಾಯಿ. ನಾನು ಮೀನು ತಿನ್ನುವವಳೆಂದು ಗೊತ್ತಿದ್ದೂ ನನ್ನನ್ನು ಅಡುಗೆಮನೆಯ ಹೊಸ್ತಿಲವರೆಗೆ ಬಿಟ್ಟುಕೊಂಡಿದ್ದರು. ಅಲ್ಲಿ ಕೂಡಿಸಿ ಬಿಸಿ ರೊಟ್ಟಿ ಬಡಿದು ಹಾಕುವರು. "ಹೊಳಿ ದಂಡ್ಯಾಗ ಹುಟ್ಟೀ, ನಿಂದೇನು ತಪ್ಪವ್ವ" ಎಂದು ಕ್ಷಮೆಯನ್ನೂ ಬಡಿಸುವರು.

ಅವರ ಕೈ ನಡುಗುತ್ತಿತ್ತು. ರೊಟ್ಟಿ ಬಡಿಯುವಾಗ ಗೊತ್ತಾಗುತ್ತಿರಲಿಲ್ಲ, ತೀರ್ಥ ಕೊಡುವಾಗ ಗೊತ್ತಾಗುತ್ತಿತ್ತು. ದೇವರ ಮನೆಯಲ್ಲಿ ತಾಮ್ರದ ಬಟ್ಟಲಿನೊಳಗೆ ಒಂದು ಲಿಂಗ ಇತ್ತು, ಹೆಬ್ಬೆರಳ ಗಾತ್ರದ್ದು, ಬೆಳ್ಳಿಗಿಂತ ಹೊಳಪು. ಯಜಮಾನರು ತೀರಿಕೊಂಡ ಮೇಲೆ ನೆಂಟರೊಬ್ಬರು ಯಾತ್ರೆಗೆ ಹೋದಾಗ ತಂದುಕೊಟ್ಟದ್ದು. ರಸಲಿಂಗ ಅನ್ನುತ್ತಿದ್ದರು. ಸಂಜೆ ಅದನ್ನು ಹಾಲಿನಲ್ಲಿ ಮುಳುಗಿಸಿ ಇಟ್ಟು, ಬೆಳಿಗ್ಗೆ ಆ ಹಾಲನ್ನೇ ತೀರ್ಥವೆಂದು ಮನೆಮಂದಿಗೆಲ್ಲ ಕೊಡುವುದು ಅವ್ವನ ಪದ್ಧತಿ. ಹೊಳಪು ಮಾಸಿದರೆ ನಿಂಬೆಹೋಳು ತಿಕ್ಕುವರು. ಮೊದಲು ತಾವು ಕುಡಿದು, ಆಮೇಲೆ ಮಗಳ ಅಂಗೈಗೆ, ಆಮೇಲೆ ನನ್ನ ಅಂಗೈಗೆ. ಚಮಚ ಬಟ್ಟಲಿಗೆ ತಾಗಿ ಟಿಕಿಟಿಕಿ ಸದ್ದಾಗುತ್ತಿತ್ತು. ನಾನು ಕಣ್ಣಿಗೊತ್ತಿಕೊಂಡು ಕುಡಿದಿದ್ದೇನೆ.

ಮಠದ ಸ್ವಾಮಿಗಳೊಬ್ಬರು ಮನೆಗೆ ಬಂದಾಗ ಆಕ್ಷೇಪಿಸಿದ್ದರಂತೆ. ಕೊರಳಲ್ಲಿ ಇಷ್ಟಲಿಂಗ ಇರುವಾಗ ಇನ್ನೊಂದು ಯಾಕೆ ತಾಯಿ, ಎಂದು. ಅವ್ವ, "ಕೊರಳಾಗಿಂದು ನಂದ್ರಿ, ಬುದ್ಧೀ, ಇದು ಮನೀದು" ಅಂದರಂತೆ. ಅವ್ವನ ಮುಂದೆ ಮುಂದುವರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಇದೆಲ್ಲ ಹೀಗೇ ನಡೆದಿರುತ್ತಿತ್ತು, ನನ್ನ ಮಗಳು ಬಾಣಂತನಕ್ಕೆ ಬರದೇ ಹೋಗಿದ್ದರೆ.

ಚೊಚ್ಚಲ ಹೆರಿಗೆ. ಮಗು ಚೆನ್ನಾಗಿತ್ತು, ಹಾಲು ಮಾತ್ರ ಸಾಲುತ್ತಿರಲಿಲ್ಲ. ಸಿರುಗುಪ್ಪದಿಂದ ನನ್ನ ತಾಯಿ ಗಂಟುಮೂಟೆ ಕಟ್ಟಿಕೊಂಡು ಬಂದಿಳಿದಳು. ಬಂದವಳೇ ನನ್ನ ಯಜಮಾನರನ್ನು ಕೌಲ್ ಬಜಾರಿಗೆ ಅಟ್ಟಿ ಪಾಲಸೊರ ತರಿಸಿದಳು. ಆಂಧ್ರದ ನೆಂಟಸ್ತನದ ಜೊತೆ ನಮ್ಮ ಮನೆತನಕ್ಕೆ ಬಂದ ಪದ್ಧತಿ ಇದು. ಸೊರವನ್ನು ಕುದಿಸಿ, ಚರ್ಮ ಸುಲಿದು, ಕೈಯಲ್ಲಿ ಪುಡಿ ಮಾಡಿ, ಬೆಳ್ಳುಳ್ಳಿ ಮೆಣಸು ಹಾಕಿ ಹುರಿದರೆ ಸೊರಪಿಟ್ಟು. ಬಾಣಂತಿಗೆ ಅದನ್ನು ತಿನ್ನಿಸಿದರೆ ಎದೆಹಾಲು ಉಕ್ಕುತ್ತದೆ ಎಂದು ನಂಬಿಕೆ. ಹೆಸರಲ್ಲೇ ಹಾಲಿದೆ, ತೆಲುಗಿನಲ್ಲಿ ಪಾಲು ಅಂದರೆ ಹಾಲು. ನನಗೂ ನನ್ನ ತಾಯಿ ತಿನ್ನಿಸಿದ್ದಳು. ರುಚಿಯ ಬಗ್ಗೆ ಕೇಳಬೇಡಿ, ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತದೆ.

ಮೇಡಂ ಮಗುವನ್ನು ನೋಡಲು ಬಂದದ್ದು ಸರಿಯಾಗಿ ಆ ಒಗ್ಗರಣೆಯ ಹೊತ್ತಿಗೆ. ಮಗುವಿನ ಕೈಗೆ ನೋಟು ಇಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬಾಣಲೆ ನೋಡಿದರು. ಪಕ್ಕದಲ್ಲಿ ಬಿದ್ದಿದ್ದ ಚರ್ಮದ ಉದ್ದವನ್ನೂ ನೋಡಿದರು.

"ಅಮ್ಮಾರ, ತಪ್ಪು ತಿಳ್ಕಬ್ಯಾಡ್ರಿ. ಇದನ್ನ ಬಾಣಂತಿಗೆ ಕೊಡಬ್ಯಾಡ್ರಿ. ಸೊರ ದೊಡ್ಡ ಮೀನು. ಅದರಾಗ ಪಾದರಸ ಕೂಡಿರ್ತತಿ. ತಾಯಿ ತಿಂದದ್ದು ಹಾಲಿನಾಗ ಕೂಸಿಗೂ ಮುಟ್ತತಿ. ಸಣ್ಣ ಕೂಸಿನ ಮಿದುಳಿಗೆ ಅದು ಒಳ್ಳೇದಲ್ಲ."

ನನ್ನ ತಾಯಿ ಸೌಟು ಕೆಳಗಿಡಲಿಲ್ಲ. "ನಮ್ಮವ್ವ ನನಗ ತಿನ್ಸಿದ್ಲು. ನಾ ಇಕಿಗೆ ತಿನ್ಸೀನಿ. ಇಕಿ ಮಿದುಳು ಏನಾಗೇತಿ? ಕಾಲೇಜಿನಾಗ ಪಾಠ ಮಾಡ್ತಾಳ."

"ಅಕಿ ಕಾಲದ ಸಮುದ್ರ ಬ್ಯಾರೆ ಇತ್ರಿ."

"ಸಮುದ್ರ ಬ್ಯಾರೆ ಆಗತೈತೇನು? ನೀ ತಿನ್ನದಾಕಿ ತಾಯಿ, ನಿನಗ ಇದರ ಗುಣ ಹೆಂಗ ಗೊತ್ತಾಗಬೇಕು? ಹೋಗ್ಲಿ, ನಿಮ್ಮನ್ಯಾಗ ಬಾಣಂತಿ ಮೈ ಹಿಡೀಲಿ ಅಂತ ಏನು ಕೊಡ್ತೀರಿ? ಅದನ್ನರ ಹೇಳು, ಕೊಡ್ತೀನಿ."

ಮೇಡಂಗೆ ಸಮಾಧಾನವಾಯಿತು. ಬಾಗಿಲಿಗೆ ಒರಗಿ, ತಮ್ಮ ಎಂದಿನ ನಿಧಾನದಲ್ಲಿ ಹೇಳತೊಡಗಿದರು. "ನಮ್ಮನ್ಯಾಗ ಮೆಂತೆ ಉಂಡಿ ಕೊಡ್ತಾರ್ರಿ. ಸಬ್ಬಸಿಗಿ ಪಲ್ಯ. ನಮ್ಮ ತಮ್ಮನ ಹೆಂಡ್ತಿ ಹಡೆದಾಗ ಅವ್ವ ದಿನಾ ಮುಂಜಾನಿ ತೀರ್ಥ ಕೊಟ್ಲು, ಹಾಲಿನಾಗ ನೆನಸಿದ ರಸಲಿಂಗದ..."

ಅಷ್ಟಕ್ಕೇ ನಿಂತರು. ತುಟಿ ತೆರೆದೇ ಇತ್ತು. ನಾನು ಬಿಕ್ಕಳಿಕೆ ಬಂದಿರಬೇಕೆಂದು ನೀರು ತರಲು ಎದ್ದೆ.

"ಮೇಡಂ," ಎಂದು ನನ್ನ ಕಡೆ ತಿರುಗಿದರು, "ರಸ ಅಂದ್ರ ಏನ್ರಿ?"

ಕನ್ನಡ ಮೇಷ್ಟರಿಗೆ ಕೇಳುವ ಪ್ರಶ್ನೆಯೇ ಅದು! ಕಬ್ಬಿನ ರಸ, ಹಣ್ಣಿನ ರಸ, ನವರಸ, ಎಂದು ನಾನು ಶುರು ಮಾಡಿದೆ. ಅವರ ಮುಖ ನೋಡಿದ ಮೇಲೆ ನನಗೂ ಹೊಳೆಯಿತು. ಹಳಬರು ಬರಿಯ ರಸ ಎಂದರೂ ಪಾದರಸವೇ. ರಸಲಿಂಗ, ಪಾದರಸವನ್ನು ಗಟ್ಟಿ ಮಾಡಿದ ಲಿಂಗ. ಹದಿನೆಂಟು ಊರಿನ ಮೀನಿನಲ್ಲಿ ಪಾದರಸ ಹುಡುಕಿದ ಹೆಂಗಸು ವಾರವಾರ ಅದರ ತೀರ್ಥ ಕುಡಿದು ಬಂದಿದ್ದರು. ಆ ಹೆಸರು ಚಿಕ್ಕಂದಿನಿಂದ ಕೇಳಿದ ದೇವರ ಹೆಸರುಗಳ ಸಾಲಿನಲ್ಲಿ ಕೂತಿತ್ತು, ಅವರ ಕಿವಿ ಅದನ್ನು ಬಿಡಿಸಿಯೇ ನೋಡಿರಲಿಲ್ಲ. ದೇವರ ಮನೆಗೆ ಹೋಗುವಾಗ ಚಪ್ಪಲಿಯ ಜೊತೆ ಶಾಸ್ತ್ರವನ್ನೂ ಹೊರಗೇ ಬಿಟ್ಟು ಹೋಗುತ್ತಿದ್ದರು ಅನ್ನಿ.

"ಅವ್ವನ ಕೈ ನಡುಗ್ತಾವಲ್ರಿ" ಎಂದರು. ಚಹಾ ಕುಡಿಯದೆ ಹೊರಟುಹೋದರು. ಅವತ್ತು ಅವರು ಬೇಗಬೇಗ ನಡೆದದ್ದನ್ನು ನಾನು ಮೊದಲ ಸಲ ನೋಡಿದೆ.

ಇತ್ತ ನನ್ನ ಮಗಳು ಸೊರಪಿಟ್ಟನ್ನು ಮುಟ್ಟಲಿಲ್ಲ. ನನ್ನ ತಾಯಿ ಮುನಿಸಿಕೊಂಡು, ಸಿರುಗುಪ್ಪದ ಬಸ್ಸಿಗೆ ಹೊರಡುತ್ತೇನೆಂದು ಚೀಲ ತುಂಬಿ ಬಾಗಿಲ ಬಳಿ ಇಟ್ಟಳು. ಹೋಗಲಿಲ್ಲ, ಚೀಲ ಮಾತ್ರ ಅಲ್ಲೇ ಇತ್ತು, ನಾವೆಲ್ಲ ಅದನ್ನು ದಾಟಿ ಓಡಾಡಿದೆವು.

ಆ ಶನಿವಾರ ಮೇಡಂ ನನ್ನನ್ನೂ ಕುರುಗೋಡಿಗೆ ಕರೆದುಕೊಂಡು ಹೋದರು. "ನೀವಿದ್ರ ಅವ್ವ ಬೈಯಂಗಿಲ್ಲ" ಎಂದರು. ಅದು ಸುಳ್ಳು ಲೆಕ್ಕ ಎಂದು ಇಬ್ಬರಿಗೂ ಗೊತ್ತಿತ್ತು.

ಅವ್ವ ದೇವರ ಮನೆಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದರು. ಮಗಳು ಎದುರಿಗೆ ಕೂತು, ಆ ಲಿಂಗದ ತೀರ್ಥ ಇನ್ನು ಬೇಡವ್ವ, ಅದು ಪಾದರಸದ್ದು, ಎಂದರು.

"ಹೌದು, ಪಾದರಸದ್ದ. ಕೊಟ್ಟಾವ್ರು ಹೇಳೇ ಕೊಟ್ಟಾರ. ಅದಕ್ಕ ಅಷ್ಟು ಶಕ್ತಿ ಐತಿ" ಎಂದರು ಅವ್ವ. "ಯಾಕ, ನಿನಗ ಗೊತ್ತಿರಲಿಲ್ಲೇನು?"

ಮಗಳು ಇನ್ನೂ ಹತ್ತಿರ ಸರಿದು ಕೂತರು.

"ಪಾದರಸ ಕೆಟ್ಟದ್ದು ಅಂತ ನಾ ಇಷ್ಟು ವರ್ಷ ಹೇಳ್ತಿದ್ದೆನಲ್ಲವ್ವ, ನಿನ್ನ ಮುಂದ?"

"ಮೀನಿನಾಗಿಂದು ಕೆಟ್ಟದ್ದು ಅಂದಿ. ಮೀನಿನಾಗ ಇದ್ರ ಏನಾದ್ರೂ ಕೆಟ್ಟದ್ದ ಆಗ್ತತಿ. ಅದ ದೇವ್ರಾಗಿದ್ರ ಹೆಂಗ ಕೆಟ್ಟದ್ದಾಗ್ತತಿ?"

ತರಗತಿಯಲ್ಲಿ ಮೇಡಂಗೆ ಇದಕ್ಕಿಂತ ಗಟ್ಟಿ ಪ್ರಶ್ನೆ ಯಾರೂ ಕೇಳಿರಲಾರರು. ಆಮೇಲೆ ತಾಯಿಯ ಕೈ ಹಿಡಿದುಕೊಂಡು ಹೇಳಿದರು: "ಮೀನಿನ ತಪ್ಪು ಏನೂ ಇಲ್ಲವ್ವ. ಅದಕ್ಕೂ ಯಾರೋ ಕುಡಿಸ್ಯಾರ. ನಿನಗೂ ಕುಡಿಸ್ಯಾರ. ನೋಡು, ಕೈ ಹೆಂಗ ನಡುಗ್ತಾವ."

"ವಯಸ್ಸಾತು, ನಡುಗ್ತಾವ."

"ಇರಬಹುದು. ಅದರಿಂದನೂ ಇರಬಹುದು. ಹಾಲು, ನಿಂಬಿಹಣ್ಣು ತಾಗಿದಂಗೆಲ್ಲ ಅದು ಬಿಡ್ತತಿ. ನಂಗೂ ಕೊಟ್ಟಿ, ತಮ್ಮಗ ಕೊಟ್ಟಿ, ಬಾಣಂತಿಗೆ ಕೊಟ್ಟಿ. ಇವ್ರಿಗೂ ಕೊಟ್ಟಿ." ನನ್ನ ಕಡೆ ಕೈ ತೋರಿಸಿದರು.

ಅವ್ವ ಬತ್ತಿ ಹೊಸೆಯುವುದನ್ನು ಬಿಟ್ಟರು. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. "ನಿನಗೂ ಕುಡಿಸೀನಲ್ಲ" ಎಂದರು, ಮಗಳಿಗೆ ಅಷ್ಟೇ. ತಮ್ಮ ಕೈಯ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ನನಗೆ ಆ ಹೊತ್ತಿಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಇಂಥ ಕಡೆ ಹೊರಗಿನವರು ಇರಬಾರದು.

ಸ್ವಲ್ಪ ಹೊತ್ತಿನ ಮೇಲೆ ಅವ್ವನೇ ತೀರ್ಪು ಕೊಟ್ಟರು. "ಆತು. ಒಂದ ಪೂಜಿ ಮಾಡಿ ಹೊಳಿಗೆ ಬಿಟ್ಟು ಬರ್ರಿ. ಇವ್ರೂರು ಸಿರುಗುಪ್ಪದಾಗ ಹೊಳಿ ಐತೆಲ್ಲ."

ಪೂಜೆ ನಿಂತ ದೇವರನ್ನು ಹರಿಯುವ ನೀರಿಗೆ ಬಿಡುವುದು ನಮ್ಮಲ್ಲಿ ಎಲ್ಲರ ಪದ್ಧತಿ. ಮಗಳು ಬೇಡವೆಂದು ತಲೆಯಾಡಿಸಿದರು. ಹೊಳೆಗೆ ಬಿದ್ದರೆ ಕೆಸರಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ಅದನ್ನು ಇನ್ನೂ ಕೆಟ್ಟ ರೂಪಕ್ಕೆ ತರುತ್ತವೆ, ಅಲ್ಲಿಂದ ಹುಳ, ಹುಳದಿಂದ ಮೀನು, ಎಂದು ಅದೇ ಪಾಠವನ್ನು ತಾಯಿಗೂ ಮಾಡಿದರು.

"ದೇವ್ರನ್ನ ಹೊಳಿಗೆ ಬಿಡದ ಮತ್ತೆಲ್ಲಿ ಬಿಡ್ತಾರ?"

"ನಮ್ಮ ಲ್ಯಾಬಿನಾಗ ಇಡ್ತೀನಿ. ಗಾಜಿನ ಬಾಟ್ಲ್ಯಾಗ, ಮೇಣ ಹಾಕಿ ಮುಚ್ಚಿ."

"ಕಪ್ಪಿ ಕೊಯ್ಯೋ ಜಾಗಾದಾಗ?"

"ಈಗ ಕಪ್ಪಿ ಕೊಯ್ಯೋದು ನಿಂತತವ್ವ. ಸರ್ಕಾರ ನಿಲ್ಲಿಸೇತಿ."

"ಸರ್ಕಾರಕ್ಕ ಅಷ್ಟರ ಬುದ್ಧಿ ಐತಲ್ಲ" ಎಂದರು ಅವ್ವ. ಲಿಂಗಕ್ಕೆ ವಿಭೂತಿ ಹಚ್ಚಿ, ತಾವೇ ಅರಿವೆಯಲ್ಲಿ ಸುತ್ತಿಕೊಟ್ಟರು. ನಾವು ಹೊರಡುವಾಗ ಅಂಗಳದವರೆಗೆ ಬಂದರು. ಬಸ್ಸಿನಲ್ಲಿ ಮೇಡಂ ಬಳ್ಳಾರಿ ಬರುವವರೆಗೆ ಅದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಮನೆಮಂದಿಯ ರಕ್ತ ಪರೀಕ್ಷೆ ಆಯಿತು. ಅವ್ವನ ರಕ್ತದಲ್ಲಿ ಪಾದರಸ ಇರಬೇಕಾದ್ದಕ್ಕಿಂತ ಹೆಚ್ಚಿತ್ತು. "ನಂದೂ ಸ್ವಲ್ಪ ಐತ್ರಿ ಮೇಡಂ," ಎಂದು ಸ್ಟಾಫ್ ರೂಮಿನ ಫ್ಯಾನಿನ ಕೆಳಗೆ ನನಗೆ ಹೇಳಿದರು, "ಒಂದು ಮೀನೂ ತಿನ್ನದಾಕಿಗೆ." ನಗಲು ನೋಡಿದರು, ಆಗಲಿಲ್ಲ. ನನ್ನದರಲ್ಲಿ ಏನೂ ಬರಲಿಲ್ಲ. ಅಷ್ಟು ಮೀನು ತಿಂದವಳಿಗೆ ಏನೂ ಇಲ್ಲವಲ್ಲ ಎಂದು ನನ್ನ ಮೇಲೆ ಅವರಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಅದನ್ನು ಹೇಳಿಯೂ ಹೇಳಿದರು.

ಅದಾದ ಮೇಲೆ ಅವರು ನಮ್ಮ ಮನೆಗೆ ಬಂದರು. ನನ್ನ ತಾಯಿಯ ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು. ಅದನ್ನು ದಾಟಿ ಬಂದು, ನೆಲದ ಮೇಲೆ ನನ್ನ ತಾಯಿಯ ಎದುರಿಗೆ ಕೂತರು. ಅಷ್ಟು ಓದಿದ ಹೆಂಗಸು ಹಾಗೆ ಕೂತದ್ದಕ್ಕೇ ನನ್ನ ತಾಯಿ ಗಾಬರಿಯಾಗಿ ಎದ್ದು ಚಾಪೆ ಹುಡುಕಿದಳು.

"ಅಮ್ಮಾರ, ಅವತ್ತು ಕೇಳಿದ್ರೆಲ್ಲ, ನಿಮ್ಮನ್ಯಾಗ ಬಾಣಂತಿಗೆ ಏನು ಕೊಡ್ತೀರಂತ. ನಾ ಉತ್ತರ ಕೊಡದ ಹ್ವಾದೆ. ನಾವೂ ಅದನ್ನ ಕೊಡ್ತಿದ್ವಿರಿ. ನೀವು ಮೀನಿನಾಗ, ನಾವು ದೇವ್ರ ಹಾಲಿನಾಗ. ನಮ್ಮದ ಜಾಸ್ತಿ ಇತ್ತು."

ನಡೆದದ್ದನ್ನೆಲ್ಲ ಹೇಳಿದರು. ತಾಯಿಯ ಮಾತು, ತಮ್ಮ ಕಿವುಡು, ರಕ್ತದ ಸಂಗತಿ, ಯಾವುದನ್ನೂ ಮುಚ್ಚಿಡಲಿಲ್ಲ. ನನ್ನ ತಾಯಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಮುಗಿದ ಮೇಲೆ ಪಾದರಸದ ಬಗ್ಗೆ, ಮಿದುಳಿನ ಬಗ್ಗೆ ಏನೂ ಕೇಳಲಿಲ್ಲ. "ನಿಮ್ಮವ್ವ ಈಗ ಬೆಳಿಗ್ಗಿ ಎದ್ದು ಏನು ಕುಡೀತಾಳ ತಾಯಿ?" ಎಂದಳು.

"ಬರೇ ನೀರು. ಕೊರಳಾಗಿನ ಲಿಂಗಕ್ಕ ಮುಟ್ಟಿಸಿ."

"ಪಾಪ" ಎಂದಳು ನನ್ನ ತಾಯಿ. ಎದ್ದು ಹೋಗಿ ಚೀಲ ಒಳಗಿಟ್ಟಳು. ಮರುದಿನ ಮಸ್ತಾನ್ ಸಾಬರ ಅಂಗಡಿಯಿಂದ ಬೆರಳುದ್ದದ ಮೀನು ಬಂತು. ಮಗಳಿಗೆ ಹಾಲು ಕ್ರಮೇಣ ಹೆಚ್ಚಿತು. ಮೀನಿನಿಂದಲೋ, ಮೆಂತೆ ಉಂಡೆಯಿಂದಲೋ, ಅಜ್ಜಿಯ ಮುನಿಸು ಇಳಿದದ್ದರಿಂದಲೋ ಹೇಳಲಾರೆ. ಮಸ್ತಾನ್ ಸಾಬರಿಗೆ ನನ್ನ ತಾಯಿಯೇ ಕಥೆ ಹೇಳಿದಳು, ಸಾಕಷ್ಟು ಉಪ್ಪುಖಾರ ಹಚ್ಚಿ. ಅವತ್ತಿನಿಂದ ಅವರು ಸೊರ ಕೇಳಿದವರಿಗೆ, "ಮನ್ಯಾಗ ಬಾಣಂತಿ ಅದಾರೇನು?" ಎಂದು ಕೇಳಿಯೇ ತೂಗುತ್ತಾರೆ.

ಲಿಂಗ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮ್ಯೂಸಿಯಂ ಸೇರಿತು. ಇಂಥ ವಸ್ತುಗಳನ್ನು ಒಯ್ದು ಸರಿಯಾಗಿ ವಿಲೇವಾರಿ ಮಾಡುವವರಿದ್ದಾರೆಂದು ಮೇಡಂ ಹುಡುಕಿ ಕರೆಸಿದರು. ಬಂದ ಇಬ್ಬರು ಹಳೆಯ ಟ್ಯೂಬ್‌ಲೈಟು, ಒಡೆದ ಥರ್ಮಾಮೀಟರು ಎಲ್ಲ ತುಂಬಿಕೊಂಡರು. ಬಾಟಲಿಯೊಳಗಿನ ಲಿಂಗ ಕಂಡ ಕೂಡಲೇ ಚಪ್ಪಲಿ ಬಿಟ್ಟು ಕೈ ಮುಗಿದು, "ಇದನ್ನ ನಾವು ಒಯ್ಯಂಗಿಲ್ಲ ಮೇಡಂ, ಮಕ್ಕಳುಮರಿ ಅದಾವ" ಎಂದು ಹೊರಟುಹೋದರು. ಆಮೇಲೆ ಇನ್ನೂ ಒಂದೆರಡು ಸಲ ಪ್ರಯತ್ನ ನಡೆಯಿತು. ಕೊನೆಗೆ ಅದು ಬೀಗ ಹಾಕಿದ ಕಪಾಟಿನಲ್ಲಿ, ಫಾರ್ಮಲಿನ್‌ನಲ್ಲಿ ಮುಳುಗಿದ ಒಂದು ಸೊರಮರಿಯ ಪಕ್ಕದಲ್ಲಿಯೇ ಉಳಿಯಿತು.

ಅವ್ವನ ಕೈ ನಡುಕ ಪೂರ್ತಿ ನಿಲ್ಲಲಿಲ್ಲ. ಮೇಡಂ ಕಡಿಮೆಯಾಗಿದೆ ಅನ್ನುತ್ತಿದ್ದರು, ನನಗೆ ಹಾಗೆ ಕಾಣಲಿಲ್ಲ, ನಾನು ಹೇಳಲಿಲ್ಲ. ಒಮ್ಮೆ ಬಳ್ಳಾರಿಯ ಆಸ್ಪತ್ರೆಗೆ ಬಂದಾಗ ಅವ್ವ ಹಟ ಹಿಡಿದು ಕಾಲೇಜಿಗೂ ಬಂದರು. ಕಪಾಟಿನ ಗಾಜಿಗೆ ಹಣೆ ಹಚ್ಚಿ ನೋಡಿದರು. "ಪಕ್ಕದಾಗ ಇದೇನು?" ಎಂದು ಕೇಳಿ, ಮೀನು ಎಂದು ತಿಳಿದು, "ಇರ್ಲಿ ಬಿಡು, ಇಬ್ಬರದೂ ಒಂದ ಜಡ್ಡು" ಎಂದರು. ಹಿಂದೆ ಮಗಳಿಗೆ ಹಿತ್ತಿಲಲ್ಲಿ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದವರು.

ಹೋದ ವರ್ಷ ಚಳಿಗಾಲದಲ್ಲಿ ಅವ್ವ ಲಿಂಗೈಕ್ಯರಾದರು. ಕುರುಗೋಡಿನ ಅವರ ಹೊಲದಲ್ಲಿ ಗುಣಿ ತೋಡಿಸಿದ್ದರು. ಹೊಲದ ಬದುವಿಗೇ ಕಾಲುವೆ. ಆ ನೀರು ಮುಂದೆ ನಮ್ಮ ಸಿರುಗುಪ್ಪದ ಕಡೆಗೆ ಬರುವುದು. ಅವ್ವನನ್ನು ಕೂಡಿಸಿ, ಪದ್ಧತಿಯಂತೆ ಎಡಗೈಯಲ್ಲಿ ಇಷ್ಟಲಿಂಗ ಇಟ್ಟರು. ಆಗ ಮೇಡಂ ಅವರ ತಮ್ಮ ಎಲ್ಲರ ಎದುರಿಗೆ ಕೇಳಿದ: "ಅಕ್ಕ, ಅವ್ವ ಅಷ್ಟು ವರ್ಷ ಪೂಜಿ ಮಾಡಿದ ಲಿಂಗ. ಅದನ್ನೂ ಅಕಿ ಜೊತಿಗೆ ಇಡೂಣು. ತರಬೇಕಿತ್ತು ನೀನು. ಮಣ್ಣಾಗ ಹ್ವಾದ್ರ ಯಾರಿಗೇನು ತ್ರಾಸು?" ನೆಂಟರೆಲ್ಲ ಹೌದು ಹೌದು ಎಂದರು. ತಾಯಿಯ ದೇವರನ್ನು ಬಾಟಲಿಗೆ ಹಾಕಿದ ಮಗಳನ್ನು ನೋಡುವ ನೋಟ ಅದು. ನಾನು ಅವರ ಪಕ್ಕದಲ್ಲಿ ನಿಂತಿದ್ದೆ. ಇವರು ಈಗ ಸಿಟ್ಟಾಗುತ್ತಾರೆ, ಇಲ್ಲವೇ ಸೋಲುತ್ತಾರೆ ಎಂದುಕೊಂಡೆ.

ಅವರು ಎರಡೂ ಮಾಡಲಿಲ್ಲ. "ನಾ ಕೇಳಿದ್ದೆ" ಎಂದರು. "ಹೋದ ವಾರ ಅವ್ವನ್ನ ಕೇಳಿದ್ದೆ, ತಂದು ನಿನ್ನ ಜೊತಿ ಇಡ್ಲೇನು ಅಂತ. ಇಡು ಅಂದಿದ್ರ ಇಡ್ತಿದ್ದೆ, ಅಕಿ ಆಸಿ ಮುಂದ ನಂದೇನು. ಅಕೀನೇ ಬ್ಯಾಡಂದ್ಲು." ಕಾಲುವೆಯ ಕಡೆ ಕೈ ತೋರಿಸಿ ಹೇಳಿದರು: "'ಬಾಜೂಕ ಕಾಲುವಿ ಐತಿ. ಅದರಾಗ ಮೀನು ಅದಾವ. ತಿನ್ನೋರು ಅದಾರ' ಅಂದ್ಲು."

ಮೇಡಂ ಅವರ ತಮ್ಮ ಬಾಗಿ ಮೊದಲ ಹಿಡಿ ಮಣ್ಣು ಹಾಕಿದ. ನಾನು, ಆ ಕಾಲುವೆಯ ಕೆಳಗಿನ ಊರಿನಲ್ಲಿ ಮೀನು ತಿಂದು ಬೆಳೆದವಳು, ಅಲ್ಲಿ ಗಟ್ಟಿಯಾಗಿ ಅತ್ತೆ. ನೆಂಟರು ನನ್ನನ್ನು ಸ್ವಂತ ಮಗಳೆಂದೇ ತಿಳಿದಿರಬೇಕು.

ಬೀಳ್ಕೊಡುಗೆ ಮುಗಿದು ಎಲ್ಲರೂ ಊಟಕ್ಕೆ ಹೋದಾಗ ಮೇಡಂ ನನ್ನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದರು, ಹಾರ ಕೈಯಲ್ಲೇ ಇತ್ತು. ಕಪಾಟು ತೆರೆದರು. ಎಲ್ಲ ಬಾಟಲಿಗಳ ಮೇಲೂ ಅಚ್ಚಿನಲ್ಲಿ ಉದ್ದುದ್ದ ಶಾಸ್ತ್ರದ ಹೆಸರುಗಳು. ಒಂದರ ಮೇಲೆ ಮಾತ್ರ ಅವರ ಕೈಬರಹದ ಕನ್ನಡ: "ಅವ್ವನದು. ನೀರಿಗೆ ಬಿಡಬಾರದು." ಅದಕ್ಕೆ ಹಾರ ಹಾಕುತ್ತಾರೇನೋ ಅಂದುಕೊಂಡೆ. ಹಾಕಲಿಲ್ಲ, ಬಾಟಲಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಬಾಗಿಲು ಮುಚ್ಚಿದರು.

ಬೀಗದ ಕೀಲಿಗಳು ಎರಡು. ಒಂದನ್ನು ಅವರ ಜಾಗಕ್ಕೆ ಬರುವವರಿಗೆ ಕೊಡಬೇಕು. ಇನ್ನೊಂದನ್ನು ನನ್ನ ಅಂಗೈಯಲ್ಲಿಟ್ಟರು, ಅವ್ವ ತೀರ್ಥ ಕೊಡುತ್ತಿದ್ದ ಹಾಗೆ, ಕೆಳಗೆ ತಮ್ಮ ಇನ್ನೊಂದು ಕೈ ಹಿಡಿದು.

"ನಾ ಕನ್ನಡದಾಕಿ ಮೇಡಂ, ನನಗ್ಯಾಕ್ರಿ ಇದು? ನಿಮ್ಮ ಡಿಪಾರ್ಟ್‌ಮೆಂಟಿನಾಗ ಅಷ್ಟು ಮಂದಿ ಅದಾರ" ಎಂದೆ.

"ಅವ್ರು ಓದಿದೋರು, ಮರೀತಾರ" ಎಂದರು. "ನೀವು ಮೀನು ತಿನ್ನೋರು."